ಎಡಗಾಲಿನದು

ಬೀಗ ತೆಗೆಯುವ ಮೊದಲೇ ಹೇಳಿದ್ದೆ:
ನ್ಯೂ ಬೆಡ್‌ಫರ್ಡಿನ ಹಳೇ ಮನೆ,
ತಿಮಿಂಗಿಲದ ಬೇಟೆಗೆ ಹೋಗುತ್ತಿದ್ದವನು ಕಟ್ಟಿಸಿದ್ದು,
ನೆಲ ವಾಲಿದೆ, ಬಾಗಿಲು ತಗ್ಗು,
ತಲೆ ಜೋಪಾನ.

ಆದರೂ ಆಲ್ಡನ್ ಜೇಬಿನಿಂದ ಗೋಲಿ ತೆಗೆದ.
ಅಡುಗೆಮನೆಯಲ್ಲಿ ಬಿಟ್ಟದ್ದು
ಸವೆದ ಹೊಸ್ತಿಲು ದಾಟಿ, ನಡುಮನೆ ದಾಟಿ,
ದಾರಿ ಗೊತ್ತಿದ್ದವರ ಹಾಗೆ
ಅಗ್ಗಿಷ್ಟಿಕೆಯ ಬಿರುಕಿಗೆ ಹೊಕ್ಕಿತು.

ತಡಕಿದ ಕೈಗೆ ಸಿಕ್ಕಿದ್ದು
ಮಗುವಿನ ಒಂಟಿ ಬೂಟು. ಮೈಯೆಲ್ಲ ಮಸಿ.
"ದೆವ್ವ ಬಾರದಿರಲೆಂದು ಹಿಂದೆ
ಗೋಡೆಯೊಳಗೆ ಇಡುತ್ತಿದ್ದರಂತೆ," ಎಂದೆ.
ಕಾಗದಪತ್ರದಲ್ಲಿ ಇದಿರಲಿಲ್ಲ.

ಅಲ್ಲಿಯತನಕ ಬೆರಳು ಮಡಿಚಿ ಮಡಿಚಿ
ಬೆಲೆ ಇಳಿಸುತ್ತಿದ್ದ ಲೊರೇನ್
ಅದನ್ನು ಅಂಗೈ ಮೇಲಿಟ್ಟುಕೊಂಡಳು.
ಲೇಸಿನ ಗಂಟು ಬಿಚ್ಚಿರಲಿಲ್ಲ.
"ಎಡಗಾಲಿನದು," ಎಂದಳು, ಅಷ್ಟೇ.
ಮಂಡಿಯೂರಿ
ಇದ್ದಲ್ಲೇ ಇಟ್ಟಳು.

ಗೋಲಿ ಸಿಗಲಿಲ್ಲ.
ಕಾರು ಹತ್ತುವತನಕ
ಯಾರೂ ಬೆಲೆಯ ಮಾತೆತ್ತಲಿಲ್ಲ.