ನಾಲ್ಕು ಚೌಕ

ಇಪ್ಪತ್ತೆಂಟನೇ ತಾರೀಖು, ಬೆಳಗಿನ ಐದೂ ಮುಕ್ಕಾಲು.
ಹಡರ್ಸ್‌ಫೀಲ್ಡಿನ ಗುಡ್ಡ ಇನ್ನೂ ಮುಸುಕು ಹೊದ್ದಿದೆ.
ಆಸ್ಪತ್ರೆ ಅಡುಗೆಮನೆಯ ಸಂಬಳ
ಫೋನಿನೊಳಗೆ ಬಂದಿದೆ.
ಅದು ಚಪ್ಪಲಿ ಬಿಟ್ಟು ಕೂರುವ ಮೊದಲೇ
ಪಾಲು ಮಾಡುತ್ತೇನೆ.

ಕಾರಿನ ವರ್ಷದ ಪರೀಕ್ಷೆಗೆ ಐದು ಪೌಂಡು,
ಮೇದಿನಿಯ ಶಾಲೆ ಬೂಟಿಗೆ ಐದು,
ಬಾಯ್ಲರ್ ನೋಡಲು ಬರುವವನಿಗೆ ಎಂಟು,
ಡಿಸೆಂಬರಿನ ಉಡುಗೊರೆಗಳಿಗೆ ಮೂರು,
ನನ್ನ ಬಲ ದವಡೆಯ ಹಲ್ಲಿಗೆ ಹತ್ತು.

ಇವರೆಲ್ಲ ನೆಂಟರು. ಬರುವುದು ಗೊತ್ತು,
ಮುಹೂರ್ತ ಗೊತ್ತಿಲ್ಲ ಅಷ್ಟೆ.
"ಅಯ್ಯೋ, ಹೇಳದೆ ಬಂದಿರಲ್ಲ" ಅಂದರೆ
ಬಾಗಿಲಲ್ಲೇ ನಗುತ್ತಾರೆ:
"ಹೋದ ವರ್ಷವೂ ಬಂದಿದ್ದೆವಲ್ಲ!"

ಮೊದಲೆರಡು ವರ್ಷ ನಾನೂ ಹಾಗೇ ಅಂದೆ.
ಚಿದಾನಂದ ಕ್ರೆಡಿಟ್ ಕಾರ್ಡು ತೆಗೆದುಕೊಡುತ್ತಿದ್ದ,
ಪಕ್ಕದ ಮನೆಯಿಂದ ಸಕ್ಕರೆ ಕಡ ತಂದ ಹಾಗೆ.
ಸಕ್ಕರೆಗೆ ಬಡ್ಡಿ ಇರುವುದಿಲ್ಲ.

ಆ ಪಕ್ಕದ ಮನೆಯ ವಿನಿಫ್ರೆಡ್, ಎಂಬತ್ತೊಂದು,
ಒಂದು ಸಂಜೆ ಕಿಟಕಿ ಕಟ್ಟೆಯ ಜಾಮ್ ಬಾಟಲಿಗಳನ್ನು ತೋರಿಸಿದಳು.
ಗ್ಯಾಸು. ಕನ್ನಡಕ. ಬೆಕ್ಕಿನ ಡಾಕ್ಟರು.
ಕೊನೆಯದು ದೊಡ್ಡದು, ಕತ್ತಿನವರೆಗೂ ತುಂಬಿತ್ತು:
"ಅದು ನನ್ನ ಶವಪೆಟ್ಟಿಗೆಯದ್ದು.
ದುಡ್ಡು ತಯಾರಿದೆ, ತಡ ಮಾಡುತ್ತಿರುವವಳು ನಾನೇ."

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ.
ಸರಿ. ಬೆಳೆಯುವ ಹುಡುಗಿಯ ಕಾಲಿಗೆ ಹೇಳಿ ನೋಡಿ.
ಅದಕ್ಕೇ ನಾನು ಹಾಸಿಗೆಯನ್ನೇ
ತಿಂಗಳಿಗೊಂದು ಗೇಣು ಹೊಲಿಯುತ್ತೇನೆ.

ಬ್ಯಾಂಕು ಕೊಟ್ಟ ಡಬ್ಬಿಗಳಿಗೆ ಮುಚ್ಚಳವಿಲ್ಲ,
ಮೂಸಿದರೆ ಇಂಗಿನ ವಾಸನೆಯೂ ಇಲ್ಲ.
ಹೆಸರಿಡಿ ಅಂದಿತು ಪರದೆ. ಕನ್ನಡದಲ್ಲಿ ಇಟ್ಟೆ.
ಬರೆಯುವಾಗ ಅಕ್ಷರ,
ಉಳಿಸಿದ ಮೇಲೆ ಖಾಲಿ ಚೌಕ.
ಕೊಂಬಿಗೊಂದು, ದೀರ್ಘಕ್ಕೊಂದು, ಬಿಡಿ ಬಿಡಿ ಲೆಕ್ಕ:
ಹಲ್ಲು, ಐದು ಚೌಕ.
ಕಾರು, ನಾಲ್ಕು.
ಬೂಟು, ಅದೂ ನಾಲ್ಕೇ.

"ಇಂಗ್ಲಿಷಲ್ಲಿ ಬರಿ ಮಾರಾಯ್ತಿ," ಅಂದ ಚಿದಾನಂದ.
ನನಗೆ ಎಣಿಸಲು ಬರುವುದಿಲ್ಲವೇ?

ಜೂನಿನಲ್ಲಿ ಟ್ರೆವರ್ ಕಾರನ್ನು ಮೇಲೆತ್ತಿ
ಟಾರ್ಚು ಹಿಡಿದು ಹೊಟ್ಟೆ ನೋಡಿದ.
"ಪಾಸು, ಲವ್," ಅಂದ.
ಈ ಊರಲ್ಲಿ ಎಲ್ಲರೂ ಎಲ್ಲರಿಗೂ ಲವ್.
ನಾಲ್ಕು ಚೌಕ ಒತ್ತಿದೆ, ಐವತ್ತು ಪೌಂಡು ಎಣಿಸಿದೆ,
ತಲೆ ಎತ್ತಿಕೊಂಡು ಮನೆಗೆ ಬಂದೆ.

ಮೊನ್ನೆ ಶನಿವಾರ ಬೂಟಿನಂಗಡಿ.
ಮೇದಿನಿಯ ಪಾದ ಯಾರಿಗೂ ಅರ್ಜಿ ಹಾಕದೆ
ಒಂದೂವರೆ ಸೈಜು ಮುಂದೆ ಹೋಗಿತ್ತು.
ನಲವತ್ತೆಂಟು ಪೌಂಡು.
ಗಲ್ಲಾದ ಮುಂದೆ ನಾಲ್ಕು ಚೌಕ ತೆರೆದೆ.
ಹತ್ತು. ಬರೀ ಹತ್ತು.
ಹಿಂದೆ ಸಾಲು. ಕಿವಿ ಬಿಸಿ.
ತಿಂಗಳು ತಿಂಗಳು ಹಾಕಿದ್ದು ಯಾವ ಹೊಳೆ ಪಾಲಾಯಿತು?
ಕೈ ತಾನಾಗಿಯೇ ಕ್ರೆಡಿಟ್ ಕಾರ್ಡಿನ ಕಡೆ ಹೋಯಿತು,
ಬಿಟ್ಟ ಚಟ ದಾರಿ ಮರೆಯುವುದಿಲ್ಲ.

ಆಗ ಅವಳೇ ಬೆರಳು ಚಾಚಿದಳು:
"ಅಮ್ಮಾ, ಕೆಳಗೆ ಇನ್ನೊಂದು ನಾಲ್ಕು ಚೌಕ ಇದೆ."
ಎಪ್ಪತ್ತು. ಕಾರಿನದ್ದು. ಮುಟ್ಟಿರಲೇ ಇಲ್ಲ.
ಬೂಟಿನ ದುಡ್ಡಲ್ಲಿ ಕಾರು ಪಾಸಾಗಿತ್ತು,
ಕಾರಿನ ದುಡ್ಡಲ್ಲಿ ಬೂಟು ಬಂತು.

ಗುಡ್ಡ ಪೂರ್ತಿ ನಡೆದೇ ಹತ್ತುತ್ತೇನೆ ಅಂದಳು. ಬಿಟ್ಟೆ.
ಹೊಸ ಚರ್ಮ ಕಿರ್ ಕಿರ್ ಅನ್ನುತ್ತ
ನನಗಿಂತ ಇಪ್ಪತ್ತು ಹೆಜ್ಜೆ ಮುಂದೆ.
ತಿರುವು ಬಂದಾಗ
ಬಾಯಲ್ಲೇ ಹಾರ್ನ್ ಹೊಡೆದಳು.

ಇವತ್ತು ಮತ್ತೆ ಇಪ್ಪತ್ತೆಂಟು.
ಹೆಸರು ಬದಲಿಸಿಲ್ಲ. ಬೂಟಿನ ಕೊನೆಗೆ
ಒಂದು ಚುಕ್ಕಿ ಇಟ್ಟಿದ್ದೇನೆ, ದೃಷ್ಟಿಬೊಟ್ಟಿನ ಹಾಗೆ.
ಐದು ಚೌಕದೊಳಗೆ ಹತ್ತು ಪೌಂಡು ಹಾಕುವಾಗ
ನಾಲಿಗೆ ತಾನೇ ಹೋಗಿ
ಆ ದವಡೆಯನ್ನು ಮುಟ್ಟಿ ನೋಡಿ ಬಂತು.
ಇನ್ನೆರಡು ತಿಂಗಳು ತಡಿ, ಅಂದೆ.
ಅಲ್ಲಿಯವರೆಗೆ ಚಕ್ಕುಲಿ
ಎಡಗಡೆಯಿಂದ.