ಬಾಲಂಗೋಚಿ

ಪೀಟರ್‌ಹೆಡ್ಡಿನ ಮೀನು ಕಾರ್ಖಾನೆ, ಮೇಲಿನ ಕ್ಯಾಂಟೀನು.
ಮಂಗಳವಾರ ಸಂಜೆ ಎಫಿ ಬಕನ್
ಬೋರ್ಡಿನ ಮೇಲೆ 'ವೇಟ್' ಬರೆದು
ಬೆರಳಗಲ ಜಾಗ ಬಿಟ್ಟು, 'ಫಾರ್'.

"ಐ ವೇಟ್ ಯೂ" ಅಂದುಬಿಡುತ್ತಾನೆ ವಿದ್ಮಾಂತಸ್, ಪ್ರತಿ ವಾರ.
ಅವನ ಲಿಥುವೇನಿಯನ್ನಿನಲ್ಲೂ, ನಮ್ಮಲ್ಲಿಯಂತೆ,
ವಿಭಕ್ತಿ ಹೆಸರಿಗಂಟಿಯೇ ಹುಟ್ಟುತ್ತದೆ.
ಇಲ್ಲಿ ಕ್ರಿಯಾಪದ ಹಾರಿದ ಮೇಲೆ
ಹಿಂದೊಂದು ಬಾಲಂಗೋಚಿ;
ಮರೆತರೆ ಗೋತಾ.

'ಲಾಫ್' ಇನ್ನೂ ಕಷ್ಟ.
'ಆಟ್' ಬಂದರೆ ಕಲ್ಲೇಟು,
'ವಿತ್' ಬಂದರೆ
ಬೆಂಚಿನ ಮೇಲೆ ಸರಿದು ಕೊಟ್ಟ ಜಾಗ.
ಬೆಳಗ್ಗೆ ಮೇಸ್ತ್ರಿ ನಕ್ಕದ್ದು ಯಾವುದು?
ಕೈಗವಸಿಗಂಟಿದ ಹುರುಪೆ ಕೀಳುತ್ತ ಯೋಚಿಸುತ್ತಾನೆ.

ಪಾಠ ಮುಗಿಯಿತು. ಬಸ್ಸಿಲ್ಲ. ಕಡಲಿನ ಗಾಳಿ.
ಎಫಿಯೂ ನಿಂತು ಗೊಣಗಿದಳು:
"ಆಮ್ ವೇಟಿನ್ ಆನ್ ದ ಬಸ್."

"ಫಾರ್!" ತಿದ್ದಿದ.

ನಕ್ಕಳು.
ಅದರ ಬಾಲ ಯಾವುದೆಂದು ಕೇಳುವಷ್ಟರಲ್ಲಿ
ತಾನೂ ನಗುತ್ತಿದ್ದ.