ಮಾರು

ನಾಣ್ಯ ನುಂಗಿದರಷ್ಟೇ ಏರುವ ಲಿಫ್ಟು.
ತಿಬಿಲಿಸಿಯ ಉತ್ತರದಂಚು, ಗ್ಲ್ದಾನಿ, ಒಂಬತ್ತಂತಸ್ತು.
ಏಳನೆಯದರಲ್ಲಿ ಒತಾರ್ ಬಾಗಿಲು ತೆರೆದ, ಮನೆಚಪ್ಪಲಿಯಲ್ಲೇ.
ನನ್ನ ಕೈಯಲ್ಲಿ ಲೇಸರು. ಕೆಂಪು ಚುಕ್ಕಿಯೊಂದು
ಗೋಡೆಯಿಂದ ಗೋಡೆಗೆ ನೆಗೆದು ಅಂಕಿ ತರುವುದು.
ನನ್ನ ಕಸುಬು ಇಷ್ಟೇ: ಅಳೆಯುವುದು, ಬರೆಯುವುದು,
ಕೊಳ್ಳುವವರು ಕೇಳಿದರೆ ಒಂದು ಮಾತು ಹೇಳುವುದು.

ಕೊಳ್ಳುವವಳು ಎತೇರಿ. ಐವತ್ತೆಂಟು.
ಹದಿನಾಲ್ಕು ವರ್ಷ ಇಟಲಿಯಲ್ಲಿ, ಬಾರಿ ಎಂಬ ಕಡಲೂರಲ್ಲಿ,
ಯಾರಯಾರದೋ ಅಜ್ಜಿಯರನ್ನು ಎತ್ತಿ, ತೊಳೆದು, ಮಲಗಿಸಿ
ಕೂಡಿಟ್ಟ ಎಂಬತ್ತು ಸಾವಿರ ಡಾಲರು
ಬ್ಯಾಂಕಿನಲ್ಲಿದೆ; ಅದರ ಭಾರ ಸೊಂಟದಲ್ಲಿದೆ.

ಪತ್ರದಲ್ಲಿ ಐವತ್ತೆರಡು ಚದರ ಮೀಟರು.
ನೆಲ ಹೇಳಿತು: ಅರವತ್ತನಾಲ್ಕು.
ಮಿಕ್ಕ ಹನ್ನೆರಡು ಗಾಳಿಯಲ್ಲಿ ತೂಗುತ್ತಿತ್ತು.
ಸೋವಿಯತ್ ಕುಸಿದ ವರ್ಷಗಳಲ್ಲಿ ಒತಾರನ ಅಪ್ಪ
ಕಬ್ಬಿಣದ ತೊಲೆ ಬೆಸೆದು, ಗಾಜು ಹೊದಿಸಿ
ಹೊರಗೆ ಚಾಚಿದ ಮೊಗಸಾಲೆ.
ಅದರಲ್ಲಿ ಉಪ್ಪಿನಕಾಯಿ ಜಾಡಿಗಳು, ಒಂದು ಹಾಸಿಗೆ, ಒಬ್ಬ ಅಳಿಯ.
"ಇದಕ್ಕೂ ಬೆಲೆ ಉಂಟು" ಅಂದ ಒತಾರ್.
"ಉಂಟು. ಕಾಗದಕ್ಕೆ ಗೊತ್ತಿಲ್ಲ" ಅಂದೆ.
ಎತೇರಿ ಅಲ್ಲಿ ಒಂದು ಹೆಜ್ಜೆ ಇಟ್ಟಳು,
ಇನ್ನೊಂದು ಇಡಲಿಲ್ಲ.

ಆಮೇಲೆ ದೀದಿ ದಿಘೋಮಿ. ಹೊಸ ಗೋಪುರ.
ಏಜೆಂಟ್ ರೇವಾಜ್, ಎಳೆಯ, ಕಿವಿಗೆ ಅಂಟಿದ ಫೋನು,
ಮಾರುತ್ತಿದ್ದದ್ದು 'ಬಿಳಿ ಚೌಕಟ್ಟು':
ಗಾರೆ ಉಂಟು, ತಂತಿ ಉಂಟು; ನೆಲ, ಬಚ್ಚಲು, ಬಣ್ಣ ನಿಮ್ಮದು.
ಅಕ್ಕಪಕ್ಕ ಎರಡು ಪುಟ್ಟ ಮನೆ. ಒಂದೊಂದೂ ಇಪ್ಪತ್ತಾರು ಮೀಟರು,
ಒಂದೊಂದೂ ನಲವತ್ತು ಸಾವಿರ.

ಅವಳು ಕೇಳಿದಳು. ನಾನು ಲೆಕ್ಕ ಹೇಳಿದೆ.
ಒತಾರ್ ಅರವತ್ತಕ್ಕೆ ಬಿಡುತ್ತಾನೆ, ಚೌಕಾಸಿಗೆ ಬಗ್ಗುತ್ತಾನೆ;
ತಿಂಗಳಿಗೆ ಬಾಡಿಗೆ ನಾನೂರು, ಒಂದು ಸಂಸಾರ,
ಆ ಸಂಸಾರ ಹೊರಟರೆ ಮೂರು ತಿಂಗಳು ಬೀಗ.
ಇಲ್ಲಿ ಒಂದೊಂದಕ್ಕೆ ಮುನ್ನೂರೈವತ್ತು;
ಒಂದು ಖಾಲಿಯಾದರೂ ಇನ್ನೊಂದು ಉಸಿರಾಡುತ್ತದೆ.
ಆದರೆ ಇಪ್ಪತ್ತಾರರಲ್ಲಿ ಯಾರೂ ತಳವೂರುವುದಿಲ್ಲ,
ಬರುವವರು, ಮೊಳೆ ಹೊಡೆದು ಹೋಗುವವರು,
ವರ್ಷಕ್ಕೊಮ್ಮೆ ಸುಣ್ಣ.
ಕೋಣೆ ಕಿರಿದಾದಷ್ಟೂ ಮೀಟರು ದುಬಾರಿ:
ಚದರದ ಹೊಟ್ಟೆಯೊಳಗೇ ದರ ಕೂತಿರುತ್ತದೆ.

"ಬಾರಿಯಲ್ಲಿ ನನ್ನ ಕೋಣೆ" ಎಂದು ತೊಡಗಿ,
ನಿಲ್ಲಿಸಿ, ಕೈಯಲ್ಲಿ ತೋರಿಸಿದಳು:
ಮಂಚ ಇಷ್ಟು, ಮಂಚದ ಪಕ್ಕ ಒಂದು ಗೇಣು.
ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರಲ್ಲ,
ಅಲ್ಲಿ ಅಷ್ಟು ಚಾಚಿದರೂ
ಅಜ್ಜಿಯ ಔಷಧಿ ಕಪಾಟು ಗಲಗಲ ಅನ್ನುತ್ತಿತ್ತು.
ಹಾಗಾದರೆ ಇವಳಿಗೆ ದೊಡ್ಡದೇ ಬೇಕು ಅಂದುಕೊಂಡೆ.
ಇಪ್ಪತ್ತು ವರ್ಷ ಅಳೆದೂ, ಮನುಷ್ಯರ ಮಟ್ಟಿಗೆ
ನನ್ನದು ಯಾವಾಗಲೂ ತಪ್ಪು ಲೆಕ್ಕ.

ಅವಳು ನಡುಗೋಡೆಯ ಬಳಿ ಹೋದಳು.
ಗೆಣ್ಣಿನಿಂದ ತಟ್ಟಿದಳು, ಕಲ್ಲಂಗಡಿ ಕೊಳ್ಳುವವರ ಹಾಗೆ.
"ಇದು ಭಾರ ಹೊತ್ತಿದೆಯಾ?"
ನಾನೂ ತಟ್ಟಿದೆ. ನಕ್ಷೆ ನೋಡಿದೆ. ಟೊಳ್ಳು ಇಟ್ಟಿಗೆ.
"ಇಲ್ಲ. ಸುಮ್ಮನೆ ಅಡ್ಡ ನಿಂತಿದೆ."
"ಹಾಗಾದರೆ ಒಂದರಲ್ಲಿ ನಾನು, ಒಂದು ಬಾಡಿಗೆಗೆ.
ನಾಳೆ ತಂಗಿ ಗ್ರೀಸಿನಿಂದ ಬಂದರೆ,
ಇಲ್ಲಾ ಬಾಡಿಗೆಯವರು ನನಗೇ ಸಾಕೆನಿಸಿದರೆ,
ಸುತ್ತಿಗೆಯ ಬೆಲೆ ಎಷ್ಟು?"
ರೇವಾಜ್ ಫೋನು ಜೇಬಿಗೆ ಹಾಕಿದ.
ಹತ್ತು ಸೆಂಟಿಮೀಟರು ದಪ್ಪ. ಇಂಥ ಗೋಡೆಯನ್ನು ನಾವು
'ಕಳೆಯಬೇಕಾದ ಜಾಗ' ಎಂದೇ ಬರೆಯುತ್ತೇವೆ.
ನನ್ನ ಪೆನ್ನು ಅಲ್ಲೇ ನಿಂತಿತು.

ಲೇಸರು ಆರಿಸು ಅಂದಳು.
ಗೋಡೆಗೆ ಬೆನ್ನುಕೊಟ್ಟು, ಎರಡೂ ತೋಳು ಅಗಲಿಸಿ,
ಬೆರಳ ತುದಿಯಿಂದ ಬೆರಳ ತುದಿಗೆ
ಒಂದು ಮಾರು. ಸರಿದಳು. ಎರಡು ಮಾರು.
ಮೂರನೆಯದಕ್ಕೆ ಕಿಟಕಿ ಸಿಕ್ಕಿತು:
ಕೆಳಗೆ ಕೆಸರು, ಕ್ರೇನು, ಇನ್ನೊಂದು ಗೋಪುರಕ್ಕೆ ತೋಡಿದ ಗುಂಡಿ.
ತೋಳು ಇಳಿಸದೆ
ಹುಡುಗನತ್ತ ತಿರುಗಿ ಅಂದಳು:
"ಮಾರು."